ಕ್ಯಾಚ್ ಕ್ಯಾನ್ ಹಾಕಿದ ಮೇಲೆ ಬರೋ ವಾಸನೆ, ಮತ್ತು ಬ್ರೀದರ್ ಪೈಪಿನ ಹಳೇ ಕಥೆ

ಈ ಸಲ ರಾಗಿ, ತೆಂಗು ಯಾವುದೂ ಇಲ್ಲ, ಇಂಜಿನ್ ವಿಚಾರ. ಸ್ವಲ್ಪ ಉದ್ದ ಇದೆ, ಬಿಡುವಾದಾಗ ಓದಿ.

ನಮ್ಮ ಕಡೆ ಪಿಕಪ್ ಇಟ್ಟುಕೊಂಡಿರೋ ಹುಡುಗರಲ್ಲಿ ಮೂರ್ನಾಲ್ಕು ಜನ ಈಚೆಗೆ ಕ್ಯಾಚ್ ಕ್ಯಾನ್ ಅನ್ನೋ ಒಂದು ಡಬ್ಬಿ ಹಾಕಿಸಿಕೊಂಡಿದ್ದಾರೆ. ಇಂಜಿನ್ನಿನ ಬ್ರೀದರ್ ಪೈಪನ್ನ ಮಧ್ಯದಲ್ಲಿ ಬಿಚ್ಚಿ ಈ ಡಬ್ಬಿ ಕೂರಿಸ್ತಾರೆ. ಹೊಗೆ ಜೊತೆ ಬರೋ ಆಯಿಲ್ ಡಬ್ಬಿಯಲ್ಲೇ ನಿಲ್ಲುತ್ತೆ, ಟರ್ಬೋ ಕಡೆ ಹೋಗಲ್ಲ ಅನ್ನೋದು ಲೆಕ್ಕ. ಹಾಕಿಸಿ ಒಂದು ವಾರಕ್ಕೆ ಕ್ಯಾಬಿನ್ ಒಳಗೆ ವಾಸನೆ ಶುರು. ಒಬ್ಬ ಮೆಕ್ಯಾನಿಕ್ ರಿಂಗ್ ಹೋಗಿದೆ, ಬೋರಿಗೆ ಬಂದಿದೆ ಅಂದ. ಇನ್ನೊಬ್ಬ ಇಂಜೆಕ್ಟರ್ ಅಂದ. ಮತ್ತೊಬ್ಬ "ಡೀಸೆಲ್ ಗಾಡಿ ಅಂದ್ಮೇಲೆ ವಾಸನೆ ಬರದೆ ಮಲ್ಲಿಗೆ ಘಮ ಬರುತ್ತಾ" ಅಂದ. ಇಂಜಿನ್ ಇಳಿಸಿ ಬೋರ್ ಕೆಲಸ ಮಾಡಿಸೋದು ಅಂದ್ರೆ ಒಂದು ವರ್ಷದ ಕೊಬ್ಬರಿ ದುಡ್ಡು ಹೋಯ್ತು ಅಂತಲೇ ಅರ್ಥ. ಅಷ್ಟು ದುಡ್ಡು ಕೊಡೋದಕ್ಕೆ ಮುಂಚೆ ಆ ಪೈಪು ಯಾಕೆ ಇದೆ, ಎಲ್ಲಿಂದ ಬಂತು ಅನ್ನೋದು ಗೊತ್ತಿದ್ರೆ ಒಳ್ಳೇದು.

ಮೊದಲು ಮೂಲ ವಿಷಯ. ಪಿಸ್ಟನ್ ರಿಂಗ್ ಎಷ್ಟೇ ಹೊಸದಾಗಿರಲಿ, ಸಿಲಿಂಡರನ್ನ ಪೂರ್ತಿ ಮುಚ್ಚಲ್ಲ. ರಿಂಗಿಗೆ ಬಾಯಿ ಬಿಟ್ಟೇ ಇರಬೇಕು, ಇಲ್ಲದಿದ್ರೆ ಬಿಸಿಗೆ ಹಿಗ್ಗಿ ಸಿಕ್ಕಿಹಾಕಿಕೊಳ್ಳುತ್ತೆ. ಆ ಸಂದಿಯಿಂದ ಉರಿದ ಗ್ಯಾಸು, ಉರಿಯದೆ ಉಳಿದ ಡೀಸೆಲ್ಲು ಪೆಟ್ರೋಲು, ನೀರಿನ ಆವಿ ಎಲ್ಲ ಸ್ವಲ್ಪ ಸ್ವಲ್ಪ ಕೆಳಗೆ ಚೇಂಬರಿಗೆ ನುಗ್ಗುತ್ತೆ. ಅದಕ್ಕೆ ಹೊರಗೆ ಹೋಗೋ ದಾರಿ ಇಲ್ಲ ಅಂದ್ರೆ ಚೇಂಬರಿನೊಳಗೆ ಒತ್ತಡ ಏರಿ ಆಯಿಲ್ ಸೀಲು, ಪ್ಯಾಕಿಂಗು, ಡಿಪ್‌ಸ್ಟಿಕ್ಕಿನ ತೂತು, ಎಲ್ಲಿ ಸಿಕ್ಕಿದ್ರೆ ಅಲ್ಲಿ ಆಯಿಲ್ಲನ್ನ ಆಚೆ ತಳ್ಳುತ್ತೆ. ಹಾಗಾಗಿ ಇಂಜಿನ್ ಹುಟ್ಟಿದಾಗಿಂದಲೂ ಅದಕ್ಕೆ ಉಸಿರು ಬಿಡೋಕೆ ಒಂದು ಮೂಗು ಬೇಕೇ ಬೇಕು.

ಇದನ್ನ ಬಹಳ ಜಾಣತನದಿಂದ ಮಾಡಿದವರು ಲಿಸ್ಟರ್‌ನವರು. ವಯಸ್ಸಾದವರಿಗೆ ನೆನಪಿರುತ್ತೆ, ಕರೆಂಟು ಬರೋದಕ್ಕೆ ಮುಂಚೆ ತೆರೆದ ಬಾವಿ ಮೇಲೆ ಡಬ್ ಡಬ್ ಅಂತ ಓಡ್ತಿದ್ದ ದೊಡ್ಡ ಚಕ್ರದ ಇಂಜಿನ್. ಇಂಗ್ಲೆಂಡಿನ ಡರ್ಸ್ಲಿ ಅನ್ನೋ ಊರಿನ ಕಂಪನಿ ಅದು, 1867ರಲ್ಲಿ ಶುರುವಾಗಿದ್ದು. ಅವರ ಕೋಲ್ಡ್ ಸ್ಟಾರ್ಟ್ ಡೀಸೆಲ್ ಇಂಜಿನ್ 1930ರ ಆಸುಪಾಸಿನದು. ಆರು ಎಚ್.ಪಿ.ಗೆ ನಿಮಿಷಕ್ಕೆ ಬರೀ 650 ಸುತ್ತು. ಅದೇ ಅಚ್ಚಿನ ಇಂಜಿನ್‌ಗಳನ್ನ ರಾಜಕೋಟ್‌ನವರು ಡರ್ಸ್ಲಿಯಲ್ಲಿ ನಿಂತ ಮೇಲೂ ತಯಾರು ಮಾಡ್ತಾ ಬಂದ್ರು, ಹೊರದೇಶಕ್ಕೂ ಕಳಿಸಿದ್ರು. ಆ ಇಂಜಿನ್ನಿನ ಚೇಂಬರಿಗೆ ಒಂದು ಚಿಕ್ಕ ಬ್ರೀದರ್ ಇದೆ. ಒಳಗೆ ಒಂದು ತೆಳು ತಗಡಿನ ಎಲೆ, ಅಷ್ಟೇ. ಪಿಸ್ಟನ್ ಕೆಳಗೆ ಬಂದಾಗ ಗಾಳಿ ಎಲೆಯನ್ನ ತಳ್ಳಿ ಆಚೆ ಹೋಗುತ್ತೆ. ಮೇಲೆ ಹೋದಾಗ ಎಲೆ ಮುಚ್ಚಿಕೊಳ್ಳುತ್ತೆ, ಹೊರಗಿನ ಗಾಳಿ ಒಳಗೆ ಬರಲ್ಲ. ಹೀಗೆ ಓಡ್ತಾ ಓಡ್ತಾ ಚೇಂಬರಿನೊಳಗೆ ಯಾವಾಗಲೂ ಸ್ವಲ್ಪ ಎಳೆತ ಇರುತ್ತೆ. ಎಳೆತ ಇದ್ದಾಗ ಆಯಿಲ್ ಆಚೆ ಬರೋಕೆ ಕಾರಣವೇ ಇಲ್ಲ. ಆ ಎಲೆಗೆ ಜಿಡ್ಡು ಕಟ್ಟಿ ಅಂಟಿಕೊಂಡರೆ ಇಂಜಿನ್ ಮೈಯೆಲ್ಲ ಆಯಿಲ್ ಬೆವರುತ್ತೆ. ಹಳೇ ಮಿಸ್ತ್ರಿಗಳು ಆಯಿಲ್ ಸೋರ್ತಿದೆ ಅಂದ್ರೆ ಸೀಲಿಗೆ ಕೈ ಹಾಕೋ ಮುಂಚೆ ಬ್ರೀದರ್ ಬಿಚ್ಚಿ ಸೀಮೆಎಣ್ಣೆಯಲ್ಲಿ ತೊಳೀತಿದ್ರು. ಈ ಮಾತು ನೆನಪಿಟ್ಟುಕೊಳ್ಳಿ, ಕೆಳಗೆ ಮತ್ತೆ ಬೇಕಾಗುತ್ತೆ.

ಕಾರು ಲಾರಿಗಳ ಕಥೆ ಬೇರೆ. ಅವುಗಳಿಗೆ ಇಂಜಿನ್ ಪಕ್ಕದಿಂದ ನೆಲದ ಕಡೆಗೆ ಒಂದು ಪೈಪು ಇಳಿಬಿಡ್ತಿದ್ರು, ತುದಿ ಓರೆಯಾಗಿ ಕತ್ತರಿಸಿರೋದು. ಗಾಡಿ ಓಡುವಾಗ ಕೆಳಗೆ ನುಗ್ಗೋ ಗಾಳಿ ಆ ತುದಿಯಿಂದ ಹೊಗೆಯನ್ನ ಎಳೆದುಕೊಂಡು ಹೋಗುತ್ತೆ, ಮೇಲೆ ಆಯಿಲ್ ಹಾಕೋ ಮುಚ್ಚಳದ ಜಾಲರಿಯಿಂದ ಹೊಸ ಗಾಳಿ ಒಳಗೆ ಬರುತ್ತೆ. ಖರ್ಚು ಕಮ್ಮಿ. ಆದ್ರೆ ಗಾಡಿ ನಿಂತಿದ್ದಾಗ ಎಳೆತ ಇಲ್ಲ, ವಾಸನೆಯೆಲ್ಲ ಬಾನೆಟ್ಟಿನ ಕೆಳಗೇ. ಅಮೆರಿಕದ ರಸ್ತೆಗಳಲ್ಲಿ ಆಗ ಪ್ರತಿ ಲೇನಿನ ನಡುವೆ ಕಪ್ಪನೆಯ ಆಯಿಲ್ ಪಟ್ಟೆ ಇರ್ತಿತ್ತಂತೆ, ಎಲ್ಲಾ ಗಾಡಿಗಳ ಪೈಪಿಂದ ತೊಟ್ಟಿಕ್ಕಿದ್ದು. ನಮ್ಮ ಟ್ರಾಕ್ಟರ್ ನಿಲ್ಲಿಸೋ ಜಾಗದಲ್ಲಿ ನೆಲ ನೋಡಿ. ಐವತ್ತು ಎಚ್.ಪಿ.ಗಿಂತ ಕಮ್ಮಿ ಇರೋ ನಮ್ಮ ಬಹುಪಾಲು ಟ್ರಾಕ್ಟರುಗಳಲ್ಲಿ ಬ್ರೀದರ್ ಪೈಪು ಈಗಲೂ ಹಾಗೇ ಕೆಳಗೆ ನೇತಾಡ್ತಿದೆ.

ಎರಡನೇ ಮಹಾಯುದ್ಧದಲ್ಲಿ ಈ ಪೈಪಿಗೆ ಒಂದು ತೊಂದರೆ ಬಂತು. ಸೈನ್ಯದ ಗಾಡಿಗಳು ಹೊಳೆ ದಾಟಬೇಕು. ಕೆಳಗೆ ತೆರೆದ ಪೈಪು ಇದ್ರೆ ನೀರು ಸೀದಾ ಚೇಂಬರಿಗೆ. ಅದಕ್ಕೆ ಆ ಪೈಪು ತೆಗೆದು, ಚೇಂಬರಿನ ಹೊಗೆಯನ್ನ ಒಂದು ಸ್ಪ್ರಿಂಗ್ ವಾಲ್ವ್ ಮೂಲಕ ಇಂಜಿನ್ ಗಾಳಿ ಎಳೆದುಕೊಳ್ಳೋ ಮ್ಯಾನಿಫೋಲ್ಡಿಗೇ ಕೊಟ್ಟರು. ಇಂಜಿನ್ ತನ್ನ ಉಸಿರನ್ನ ತಾನೇ ಮತ್ತೆ ಕುಡಿದು ಸುಡುತ್ತೆ. ವಿಲ್ಲಿಸ್ ಜೀಪಿನಲ್ಲಿ ಈ ವಾಲ್ವ್ ಇತ್ತು. ಯುದ್ಧ ಮುಗಿದ ಮೇಲೆ ಡಿಸ್ಪೋಸಲ್ ಜೀಪು ಅಂತ ನಮ್ಮ ಮಲೆನಾಡಿನ ಎಸ್ಟೇಟುಗಳಿಗೆ ಬಂದವಲ್ಲ, ಅವೇ. 1940ರ ದಶಕದ ಕೊನೆಗೆ ಮಹೀಂದ್ರದವರೂ ವಿಲ್ಲಿಸ್ ಜೀಪು ಜೋಡಿಸೋಕೆ ಶುರು ಮಾಡಿದ್ರು. ಈ ವಾಲ್ವಿಗೇ ಪಿಸಿವಿ ವಾಲ್ವ್ ಅನ್ನೋದು.

ಯುದ್ಧ ಮುಗೀತು, ಊರಿನ ಕಾರುಗಳು ಮತ್ತೆ ಅದೇ ಹಳೇ ಪೈಪು ಇಳಿಬಿಟ್ಟುಕೊಂಡು ಓಡಿದವು. ಆ ಹೊತ್ತಿಗೆ ಕ್ಯಾಲಿಫೋರ್ನಿಯಾದ ಲಾಸ್ ಏಂಜಲೀಸ್ ಊರಿನವರಿಗೆ ಒಂದು ವಾಸನೆಯ ಕಾಟ ಹತ್ತಿತ್ತು. ನನಗೆ ಈ ಕಥೆಯಲ್ಲಿ ಎಲ್ಲಕ್ಕಿಂತ ಇಷ್ಟವಾಗಿದ್ದು ಈ ಭಾಗವೇ, ಯಾಕಂದ್ರೆ ಇದರಲ್ಲಿ ರೈತರು ಬರ್ತಾರೆ.

1943ರ ಜುಲೈ 26. ಊರಿನ ಮೇಲೆ ದಟ್ಟ ಮಂಜಿನ ಹಾಗೆ ಒಂದು ಹೊಗೆ ಕವಿದು ಜನರ ಕಣ್ಣು ಮೂಗು ಉರಿದುಹೋಯ್ತು. ಯುದ್ಧದ ಕಾಲ, ಜಪಾನಿನವರು ವಿಷದ ಗ್ಯಾಸು ಬಿಟ್ಟರು ಅಂತ ಕೆಲವರು ಹೆದರಿದ್ರು. ಆಮೇಲೆ ರಬ್ಬರಿಗೆ ಬೇಕಾದ ರಾಸಾಯನಿಕ ಮಾಡ್ತಿದ್ದ ಒಂದು ಕಾರ್ಖಾನೆ ಮೇಲೆ ಅನುಮಾನ ಬಂತು. ಅದನ್ನ ನಿಲ್ಲಿಸಿದ್ರೂ ಹೊಗೆ ನಿಲ್ಲಲಿಲ್ಲ. ಮನೆ ಹಿತ್ತಲಲ್ಲಿ ಕಸ ಸುಡೋದೇ ಕಾರಣ ಅಂತ ಇನ್ನೊಂದು ವಾದ. ನಮ್ಮ ಪಿಕಪ್ಪಿಗೆ ಮೂರು ಮೆಕ್ಯಾನಿಕ್ಕುಗಳು ಮೂರು ಕಾರಣ ಹೇಳಿದ ಹಾಗೇ ಆಯ್ತು ಅಲ್ಲೂ.

ಸುತ್ತಲಿನ ರೈತರು ಇನ್ನೊಂದು ನೋಡಿದ್ರು. 1944ರಿಂದ ಪಾಲಕ್, ಲೆಟ್ಯೂಸ್, ಬೀಟ್‌ರೂಟ್ ಇಂಥ ಎಲೆ ಬೆಳೆಗಳಲ್ಲಿ ಎಲೆಯ ಕೆಳಗಡೆ ಬೆಳ್ಳಿ ಬಳಿದ ಹಾಗೆ ಹೊಳಪು ಬಂದು, ಕಂದಾಗಿ ಒಣಗ್ತಿತ್ತು. ಹುಳ ಅಲ್ಲ, ರೋಗ ಅಲ್ಲ. ಕ್ಯಾಲ್‌ಟೆಕ್ ಅನ್ನೋ ವಿದ್ಯಾಸಂಸ್ಥೆಯಲ್ಲಿ ಹಾಗೆನ್ ಸ್ಮಿತ್ ಅಂತ ಒಬ್ಬ ಪ್ರೊಫೆಸರ್ ಇದ್ರು, ಹಾಲೆಂಡಿನಲ್ಲಿ ಹುಟ್ಟಿದವರು. ಅವರ ಕೆಲಸ ಏನು ಗೊತ್ತಾ? ಅನಾನಸ್ ಹಣ್ಣಿನ ಘಮ ಯಾವುದರಿಂದ ಬರುತ್ತೆ ಅಂತ ಹುಡುಕೋದು. ವಾಸನೆಯನ್ನ ಹಿಡಿದು, ತಣಿಸಿ, ಬಿಡಿಸಿ ನೋಡೋದರಲ್ಲಿ ಪಳಗಿದ ಕೈ. ಅವರು ಅದೇ ಉಪಾಯದಲ್ಲಿ ಲಾಸ್ ಏಂಜಲೀಸ್ ಗಾಳಿಯನ್ನ ಹಿಡಿದು ನೋಡಿದ್ರು. ಪೆಟ್ರೋಲಿನ ಆವಿ ಓಜೋನ್ ಜೊತೆ ಸೇರಿಸಿ ಗಿಡಗಳಿಗೆ ಬಿಟ್ಟಾಗ ಎಲೆಗೆ ಅದೇ ಬೆಳ್ಳಿ ಗಾಯ ಆಯ್ತು. 1952ರ ಹೊತ್ತಿಗೆ ವಿಷಯ ಸ್ಪಷ್ಟ: ಸುಡದೆ ಉಳಿದ ಪೆಟ್ರೋಲ್ ಆವಿ, ಇಂಜಿನ್ನಿನ ನೈಟ್ರೋಜನ್ ಹೊಗೆ, ಮೇಲೆ ಬಿಸಿಲು. ಮೂರೂ ಸೇರಿದಾಗ ಗಾಳಿಯಲ್ಲೇ ವಿಷ ತಯಾರಾಗುತ್ತೆ. ಕಾರ್ಖಾನೆ ಚಿಮಣಿಗಿಂತ ಜನರ ಕಾರುಗಳದ್ದೇ ದೊಡ್ಡ ಪಾಲು. ಸೊಪ್ಪಿನ ಎಲೆ ಸಾಕ್ಷಿ ಹೇಳ್ತು.

ಕಾರು ಅಂದ ತಕ್ಷಣ ಎಲ್ಲರ ಕಣ್ಣು ಸೈಲೆನ್ಸರ್ ಮೇಲೆ. 1950ರ ದಶಕದ ಕೊನೆಗೆ ಅಳತೆ ಮಾಡಿ ನೋಡಿದಾಗ, ಕಾರಿಂದ ಆಚೆ ಹೋಗೋ ಸುಡದ ಪೆಟ್ರೋಲ್ ಆವಿಯಲ್ಲಿ ಸುಮಾರು ಕಾಲು ಭಾಗ ಸೈಲೆನ್ಸರಿಂದ ಅಲ್ಲ, ಈ ಬ್ರೀದರ್ ಪೈಪಿಂದ ಬರ್ತಿತ್ತು. ಐವತ್ತು ವರ್ಷ ಯಾರೂ ಅದರ ಕಡೆ ತಿರುಗಿ ನೋಡಿರಲಿಲ್ಲ. ಪರಿಹಾರ ಹೊಸದಾಗಿ ಕಂಡುಹಿಡಿಯೋದೇನೂ ಇರಲಿಲ್ಲ, ಜೀಪಿನಲ್ಲಿದ್ದ ಅದೇ ವಾಲ್ವು. 1961ರ ಮಾಡೆಲ್ಲಿನಿಂದ ಕ್ಯಾಲಿಫೋರ್ನಿಯಾದ ಕಾರುಗಳಿಗೆ, 1963ರಿಂದ ಇಡೀ ಅಮೆರಿಕದ ಕಾರುಗಳಿಗೆ ಬಂತು. 1968ಕ್ಕೆ ಚೇಂಬರಿನ ಹೊಗೆ ಆಚೆ ಬಿಡಲೇಬಾರದು ಅಂತ ಅಲ್ಲಿನ ಕೇಂದ್ರ ಸರ್ಕಾರದ ನಿಯಮ ಆಯ್ತು. ನಡುವಿನ ಎರಡು ವರ್ಷ ಯಾಕೆ? ಗೊತ್ತಿದ್ದ ವಾಲ್ವನ್ನ ಬೇಕಂತಲೇ ತಡ ಮಾಡಿದ್ರು ಅಂತ 1969ರ ಜನವರಿಯಲ್ಲಿ ಅಮೆರಿಕ ಸರ್ಕಾರವೇ ನಾಲ್ಕು ದೊಡ್ಡ ಕಾರು ಕಂಪನಿಗಳ ಮೇಲೆ ಕೇಸು ಹಾಕಿತು. ಕಂಪನಿಗಳು ತಪ್ಪು ಒಪ್ಪಿಕೊಳ್ಳದೇ ರಾಜಿ ಮಾಡಿಕೊಂಡವು. ಸಣ್ಣ ಸ್ಪ್ರಿಂಗಿನ ವಾಲ್ವು, ಸಾಮಾನು ಖರ್ಚು ಕೆಲವೇ ಡಾಲರು. ಅದಕ್ಕೂ ಇಷ್ಟು ಎಳೆದಾಟ.

ಡೀಸೆಲ್ಲಿಗೆ ಈ ವಾಲ್ವು ಹಾಗೇ ಹೊಂದಲ್ಲ, ಯಾಕಂದ್ರೆ ಪೆಟ್ರೋಲ್ ಇಂಜಿನ್ನಿನ ಹಾಗೆ ಮ್ಯಾನಿಫೋಲ್ಡಿನಲ್ಲಿ ಗಟ್ಟಿ ಎಳೆತ ಇರಲ್ಲ. ಈಗಿನ ಟರ್ಬೋ ಡೀಸೆಲ್ಲುಗಳಲ್ಲಿ ಟ್ಯಾಪೆಟ್ ಕವರಿಂದ ಹೊರಟ ಪೈಪು ಏರ್ ಫಿಲ್ಟರಿಗೂ ಟರ್ಬೋಗೂ ನಡುವೆ ಸೇರುತ್ತೆ. ದಾರಿಯಲ್ಲಿ ಆಯಿಲ್ ಬೇರ್ಪಡಿಸೋ ವ್ಯವಸ್ಥೆಯನ್ನ ಕಂಪನಿಯೇ ಕೊಟ್ಟಿರುತ್ತೆ. ಅಲ್ಲಿ ತಪ್ಪಿಸಿಕೊಂಡ ಆಯಿಲ್ ಟರ್ಬೋ ದಾಟಿ ಮ್ಯಾನಿಫೋಲ್ಡಿಗೆ ಬರುತ್ತೆ. ಇಜಿಆರ್ ಇರೋ ಗಾಡಿಯಲ್ಲಿ ಸೈಲೆನ್ಸರಿನ ಮಸಿಯೂ ಅಲ್ಲಿಗೇ ಬರುತ್ತೆ. ಮಸಿಗೆ ಆಯಿಲ್ ಸೇರಿದ್ರೆ ಡಾಂಬರೇ. ಈ ಡಾಂಬರು ತಪ್ಪಿಸೋಕೆ ಅಂತಲೇ ಜನ ಕ್ಯಾಚ್ ಕ್ಯಾನ್ ಹಾಕೋದು. ಅದರ ಉದ್ದೇಶ ತಪ್ಪಲ್ಲ.

ಡಬ್ಬಿ ಮೊದಲು ಬಂದಿದ್ದು ರೇಸಿನಿಂದ. ರೇಸ್ ಕಾರಿನ ಬ್ರೀದರ್ ತೆರೆದಿದ್ರೆ ಟ್ರ್ಯಾಕ್ ಮೇಲೆ ಆಯಿಲ್ ಬಿದ್ದು ಹಿಂದಿನವನು ಜಾರ್ತಾನೆ. ಅದಕ್ಕೆ ಅಂತಾರಾಷ್ಟ್ರೀಯ ರೇಸ್ ನಿಯಮದಲ್ಲಿ, ಬ್ರೀದರ್ ತೆರೆದಿರೋ ಕಾರಿಗೆ ಡಬ್ಬಿ ಕಡ್ಡಾಯ. 2000 ಸಿಸಿವರೆಗೆ 2 ಲೀಟರಿನದು, ಮೇಲಿದ್ರೆ 3 ಲೀಟರಿನದು, ಒಳಗೆಷ್ಟಿದೆ ಅಂತ ಆಚೆಯಿಂದ ಕಾಣಬೇಕು. ರೇಸ್ ಕಾರಿಗೆ ಎಸಿ ಇಲ್ಲ, ಹಿಂದಿನ ಸೀಟಲ್ಲಿ ಮಕ್ಕಳಿಲ್ಲ, ವಾಸನೆ ಬಂದ್ರೂ ಯಾರೂ ಕೇಳಲ್ಲ. ಅದೇ ಡಬ್ಬಿಯನ್ನ ತಲೆ ಮೇಲೆ ಪುಟ್ಟ ಫಿಲ್ಟರ್ ಇಟ್ಟು ನಮ್ಮ ಪಿಕಪ್ಪಿಗೆ ಹಾಕಿದ್ರೆ ಏನಾಗುತ್ತೆ? 1961ಕ್ಕೆ ಮುಂಚಿನ ರೋಡಿನ ಪೈಪನ್ನೇ ತಂದು ಬಾನೆಟ್ಟಿನೊಳಗೆ ಇಟ್ಟ ಹಾಗೆ.

ಈಗ ಪಿಕಪ್ ವಿಷಯ. ಗಾಡಿ ನನ್ನ ಭಾವಮೈದುನನ ಮಗನದು, ತಿಪಟೂರು ಮಾರ್ಕೆಟ್ಟಿಗೆ ಕೊಬ್ಬರಿ ಹೊಡೀತಾನೆ. "ಮಾವ, ಹೆಂಡ್ತಿ ಮಗು ಕೂತ್ರೆ ವಾಂತಿ ಮಾಡ್ಕೊತಾರೆ, ಬೋರ್ ಮಾಡಿಸಿಬಿಡ್ಲಾ" ಅಂತ ಬಂದ. ಎರಡು ದಿನ ತಡಿಯಪ್ಪ ಅಂದೆ.

ನಾವು ಮೊದಲು ಮಾಡಿದ್ದು ವಾಸನೆ ಒಂದಾ ಎರಡಾ ಅಂತ ನೋಡಿದ್ದು. ಬೆಳಿಗ್ಗೆ ತಣ್ಣಗಿದ್ದಾಗ ಸ್ಟಾರ್ಟ್ ಮಾಡಿದ್ರೆ ಹಸಿ ಡೀಸೆಲ್ ವಾಸನೆ. ಲೋಡಿನಲ್ಲಿ ಏರು ಹತ್ತಿ ನಿಲ್ಲಿಸಿದ್ರೆ ಸುಟ್ಟ ಆಯಿಲ್ ವಾಸನೆ. ಅಂದ್ಮೇಲೆ ಕಾರಣವೂ ಎರಡು ಇರಬಹುದು. ಆಮೇಲೆ ಎಸಿ ಸ್ವಿಚ್ಚು. ಹೊರಗಿನ ಗಾಳಿ ಬಂದ್ ಮಾಡಿ ಒಳಗಿನ ಗಾಳಿಯೇ ತಿರುಗೋ ಹಾಗೆ ಇಟ್ರೆ ವಾಸನೆ ಮುಕ್ಕಾಲು ಪಾಲು ಕಮ್ಮಿ. ಅಲ್ಲಿಗೆ ಅದು ಬಾನೆಟ್ ಕಡೆಯಿಂದ, ವೈಪರ್ ಕೆಳಗಿನ ಜಾಲರಿ ಮೂಲಕ ಬರ್ತಿದೆ ಅಂತ ಆಯ್ತು. ನೆಲದ ತೂತಿಂದಲ್ಲ, ಸೈಲೆನ್ಸರಿಂದಲ್ಲ.

ರಿಂಗಿನ ಮಾತು ತೀರಿಸೋಕೆ ಡಿಪ್‌ಸ್ಟಿಕ್ ಎಳೆದು ನೋಡಿದ್ವಿ. ಡೀಸೆಲ್ ಚೇಂಬರಿಗೆ ಇಳೀತಿದ್ರೆ ಆಯಿಲ್ ಮಟ್ಟ ಮೇಲೇರುತ್ತೆ, ತೆಳುವಾಗುತ್ತೆ, ಕಡ್ಡಿ ಮೂಸಿದ್ರೆ ಡೀಸೆಲ್ ಹೊಡೆಯುತ್ತೆ. ಹಳೇ ಜೀಪುಗಳಲ್ಲಿ ಇಂಜಿನ್ ಪಕ್ಕದ ಪೆಟ್ರೋಲ್ ಪಂಪಿನ ಡಯಾಫ್ರಮ್ ಹರಿದ್ರೆ ಹೀಗೇ ಆಗ್ತಿತ್ತು, ಪೆಟ್ರೋಲ್ ಸೀದಾ ಚೇಂಬರಿಗೆ. ಈಗಿನ ಬಿಎಸ್ 6 ಡೀಸೆಲ್ಲುಗಳಲ್ಲಿ ಸೈಲೆನ್ಸರಿನ ಮಸಿ ಫಿಲ್ಟರ್ ಸುಡೋಕೆ ಹೆಚ್ಚಿಗೆ ಡೀಸೆಲ್ ಹೊಡೆಯೋದರಿಂದ, ಬರೀ ಸಣ್ಣ ಸಣ್ಣ ದೂರ ಓಡಿಸಿದ್ರೆ ಮಟ್ಟ ಏರೋದುಂಟು. ಇವನ ಗಾಡಿ ಅದಕ್ಕಿಂತ ಹಳೇದು, ಮಟ್ಟ ಸರಿಯಾಗಿತ್ತು. ಬ್ರೀದರ್ ಪೈಪು ಬಿಚ್ಚಿ ಓಡಿಸಿದಾಗ ತೆಳ್ಳಗೆ ಆವಿ ಬಂತೇ ಹೊರತು ಬುಸು ಬುಸು ಅಂತ ಹೊಗೆ ನುಗ್ಗಲಿಲ್ಲ. ಪಿಕಪ್ಪೂ ಸರಿ, ಆಯಿಲ್ ಕುಡಿಯೋದೂ ಇಲ್ಲ. ಬೋರಿನ ಮಾತು ಅಲ್ಲಿಗೆ ಬಿಟ್ವಿ.

ಆಮೇಲೆ ಇಂಜಿನ್ ಚೆನ್ನಾಗಿ ತೊಳೆದು ಒಣಗಿಸಿ, ಎಲ್ಲಾ ಜಾಯಿಂಟಿನ ಸುತ್ತ ಮುಖಕ್ಕೆ ಹಚ್ಚೋ ಪೌಡರ್ ಉದುರಿಸಿದ್ವಿ. ಹತ್ತು ಹನ್ನೆರಡು ಕಿಲೋಮೀಟರ್ ಓಡಿಸಿ ಬಂದು ಇಂಜಿನ್ ಆರಿದ ಮೇಲೆ ಟಾರ್ಚ್ ಬಿಟ್ಟು ನೋಡಿದ್ರೆ ಒದ್ದೆ ಜಾಗ ತಾನಾಗೇ ಕಾಣುತ್ತೆ. ಮೂರು ಸಿಕ್ಕಿದವು. ಡಬ್ಬಿಯಿಂದ ವಾಪಸ್ ಹೋಗೋ ಪೈಪಿಗೆ ರೇಡಿಯೇಟರಿನ ನೀರಿನ ಹೋಸ್ ತುಂಡು ಹಾಕಿದ್ರು. ಅದು ಆಯಿಲ್ ತಗುಲಿ ಊದಿ ಮೆತ್ತಗಾಗಿ, ಕ್ಲಿಪ್ಪು ಸಡಿಲವಾಗಿ, ಹನಿ ಸೀದಾ ಬಿಸಿ ಮ್ಯಾನಿಫೋಲ್ಡ್ ಮೇಲೆ. ಸುಟ್ಟ ವಾಸನೆ ಅದು. ಆಯಿಲ್ಲಿಗೆ ತಡೆಯೋ ನೈಟ್ರೈಲ್ ಹೋಸೇ ಬೇಕು, ನೀರಿನ ಹೋಸ್ ತಡೆಯಲ್ಲ. ಎರಡನೇದು, ಡಬ್ಬಿ ಬ್ರಾಕೆಟ್ ಕೂರಿಸುವಾಗ ಇಂಜೆಕ್ಟರಿನಿಂದ ಡೀಸೆಲ್ ವಾಪಸ್ ಬರೋ ಸಣ್ಣ ಪೈಪನ್ನ ಪಕ್ಕಕ್ಕೆ ಎಳೆದಿದ್ರು, ಅದರ ಬುಡ ಬೆವರ್ತಿತ್ತು. ಬೆಳಗಿನ ಡೀಸೆಲ್ ವಾಸನೆ ಅಲ್ಲಿಂದ. ಅದು ಇಂಜೆಕ್ಟರಿನ ದೋಷ ಅಲ್ಲ, ಬರೀ ಪೈಪಿಂದು. ಮೂರನೇದು ಡಬ್ಬಿ ತಲೆ ಮೇಲಿನ ಆ ಪುಟ್ಟ ಫಿಲ್ಟರು, ಸರಿಯಾಗಿ ವೈಪರ್ ಜಾಲರಿ ಕೆಳಗೇ ಕೂತಿತ್ತು. ಉಸಿರು ಬಿಟ್ಟಿದ್ದೆಲ್ಲ ಕ್ಯಾಬಿನ್ನಿಗೆ.

ಹೋಸು, ಕ್ಲಿಪ್ಪು, ವಾಪಸ್ ಪೈಪು ಬದಲಾಯಿಸಿ, ತಲೆ ಮೇಲಿನ ಫಿಲ್ಟರ್ ತೆಗೆದು ಆ ತೂತಿಗೆ ಬಿರಡೆ ಹಾಕಿದ್ವಿ. ಈಗ ಹೊಗೆ ಡಬ್ಬಿಗೆ ಬಂದು, ಆಯಿಲ್ ಬಿಟ್ಟು, ಟರ್ಬೋ ಮುಂದಿನ ಪೈಪಿಗೇ ವಾಪಸ್ ಹೋಗುತ್ತೆ. ಖರ್ಚು ಸಾವಿರ ರೂಪಾಯಿ ಒಳಗೇ. ಎರಡು ದಿನಕ್ಕೆ ವಾಸನೆ ಹೋಯ್ತು. ಹುಡುಗನಿಗೆ ಡಬ್ಬಿ ಬೇಕು, ಇಟ್ಟುಕೊಂಡಿದ್ದಾನೆ. ನನ್ನ ಗಾಡಿಯಾಗಿದ್ರೆ ತೆಗೆದು ಕಂಪನಿ ಪೈಪೇ ಹಾಕ್ತಿದ್ದೆ. ವಾರಂಟಿ ಇರೋ ಗಾಡಿಯವರು ಅದರಲ್ಲೂ ಕೈ ಹಾಕಬೇಡಿ. ಪೆಟ್ರೋಲ್ ಗಾಡಿಯಲ್ಲಿ ಈ ಪೈಪನ್ನ ಆಚೆ ತೆರೆದು ಬಿಟ್ರೆ ಲೆಕ್ಕಕ್ಕೆ ಸಿಗದ ಗಾಳಿ ಒಳಗೆ ನುಗ್ಗಿ ಐಡಲಿಂಗ್ ಏರಿಳಿತ ಬೇರೆ ಶುರುವಾಗುತ್ತೆ.

ಇನ್ನೊಂದು ಮಾತು, ಇದು ಮುಖ್ಯ. ವಾಸನೆ ಹುಡುಕುವಾಗ ಬೀಡಿ, ಲೈಟರು, ಹೊಗೆ ಎತ್ತ ಹೋಗುತ್ತೆ ನೋಡೋಕೆ ಅಂತ ಊದುಬತ್ತಿ, ಇವು ಯಾವುದೂ ಹತ್ತಿರ ಬರಬಾರದು. ಚೇಂಬರಿನ ಆಯಿಲ್ ಮಂಜು ಬರೀ ವಾಸನೆ ಅಂತ ತಿಳೀಬೇಡಿ. 1947ರ ಸೆಪ್ಟೆಂಬರಿನಲ್ಲಿ ಉತ್ತರ ಐರ್ಲೆಂಡಿನ ಹತ್ತಿರ ರೀನಾ ಡೆಲ್ ಪೆಸಿಫಿಕೋ ಅನ್ನೋ ಹಡಗಿನ ಡೀಸೆಲ್ ಇಂಜಿನ್‌ಗಳ ಚೇಂಬರುಗಳು ಹೀಗೇ ಸಿಡಿದು 28 ಜನ ಸತ್ತರು. ಒಂದು ಪಿಸ್ಟನ್ ಕಾದು ಒಳಗಿನ ಆಯಿಲ್ ಮಂಜಿಗೆ ಕಿಡಿ ಹತ್ತಿದ್ದು. ಆಮೇಲೆಯೇ ದೊಡ್ಡ ಇಂಜಿನ್‌ಗಳ ಚೇಂಬರಿಗೆ ಒತ್ತಡ ಬಿಡೋ ಬಾಗಿಲುಗಳು ಬೇಕೇ ಬೇಕು ಅನ್ನೋದು ಗಟ್ಟಿಯಾಗಿದ್ದು. ನಮ್ಮದು ಸಣ್ಣ ಇಂಜಿನ್, ನಿಜ, ಆದ್ರೂ ಸ್ಟಾರ್ಟ್ ಇದ್ದಾಗ ಬಾಗಿಲು ಮುಚ್ಚಿದ ಶೆಡ್ಡಿನಲ್ಲಿ ನಿಂತು ಮೂಸ್ತಾ ಕೂರಬೇಡಿ, ಹೊಗೆಯಲ್ಲಿರೋ ಇಂಗಾಲದ ಗ್ಯಾಸಿಗೆ ವಾಸನೆಯೇ ಇರಲ್ಲ.

ಡಬ್ಬಿ ಇಟ್ಟುಕೊಳ್ಳೋರು ತಿಂಗಳಿಗೊಮ್ಮೆ ಬಿಚ್ಚಿ ನೋಡಿ. ಮಾಗಿ ಚಳಿಯಲ್ಲಿ ಬೆಣ್ಣೆ ಹಾಗೆ ಬೆಳ್ಳಗೆ ಕಟ್ಟಿಕೊಳ್ಳುತ್ತೆ, ಅದು ಆಯಿಲ್ಲಿಗೆ ನೀರಿನ ಆವಿ ಸೇರಿದ್ದು, ಹೆಡ್ ಪ್ಯಾಕಿಂಗ್ ಹೋಯ್ತು ಅಂತ ಗಾಬರಿ ಬೀಳಬೇಡಿ. ಆದ್ರೆ ಅದು ಪೈಪಿಗೆ ಅಡ್ಡ ಕೂತ್ರೆ ಲಿಸ್ಟರಿನ ತಗಡಿನ ಎಲೆ ಅಂಟಿಕೊಂಡಾಗ ಆದದ್ದೇ ಇಲ್ಲೂ ಆಗುತ್ತೆ, ಸೀಲುಗಳಿಂದ ಆಯಿಲ್. ಡಬ್ಬಿಯಿಂದ ಸುರಿದಿದ್ದನ್ನ ವಾಪಸ್ ಇಂಜಿನ್ನಿಗೆ ಹಾಕಬೇಡಿ. ಗೆದ್ದಲಿಗೆ ಅಂತ ಕಂಬಕ್ಕೆ ಬಳಿಯೋಕೂ ಬೇಡ, ಅದರಲ್ಲಿ ಅರ್ಧಕ್ಕರ್ಧ ನೀರೇ ಇರುತ್ತೆ, ಹಿಡಿಯಲ್ಲ. ಬಾವಿ, ಬೋರ್‌ವೆಲ್ ಪಕ್ಕ ಚೆಲ್ಲದೆ ಒಂದು ಕ್ಯಾನಿಗೆ ತುಂಬಿಟ್ಟು, ಆಯಿಲ್ ಬದಲಾಯಿಸೋ ದಿನ ಹಳೇ ಆಯಿಲ್ ಜೊತೆ ಗ್ಯಾರೇಜಿಗೇ ಕೊಟ್ಟುಬಿಡಿ.